ಊರಲ್ಲಿರುವ ಹಿರಿಯರ ಮನಸ್ಸು ಕುಗ್ಗಿದೆಯಾ? ಹೀಗೆ ಗಮನಿಸಿ

ಊರಿಗೆ ಹೋದಾಗ "ಊಟ ಆಯ್ತಾ, ಮಾತ್ರೆ ತಗೊಂಡ್ರಾ" ಅಂತ ಕೇಳಿ ಸುಮ್ಮನಾಗಬೇಡಿ. ಜಗಲಿ ಮೇಲೆ ಅರ್ಧ ಗಂಟೆ ಪಕ್ಕದಲ್ಲಿ ಕೂರಿ. ಹಿರಿಯರು ಮನಸ್ಸಿನ ಬೇಜಾರನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ಮೈಕೈ ನೋವು, ನಿದ್ದೆ ಬರಲ್ಲ, ಊಟ ಸೇರಲ್ಲ ಅನ್ನುತ್ತಾರೆ. ದಿನಾ ಸಂಜೆ ಅರಳಿಕಟ್ಟೆಗೆ ಹೋಗುತ್ತಿದ್ದ ಅಜ್ಜ ಎರಡು ವಾರದಿಂದ ಚಪ್ಪಲಿಯನ್ನೇ ಮೆಟ್ಟಿಲ್ಲ ಅಂದರೆ, ವಯಸ್ಸಾಯ್ತು ಬಿಡಿ ಅನ್ನಬೇಡಿ.

ಸಂಗಾತಿಯನ್ನು ಕಳೆದುಕೊಂಡವರು, ಮಕ್ಕಳೆಲ್ಲ ಪಟ್ಟಣ ಸೇರಿ ಒಂಟಿಯಾದವರು, ಸಾಲ ಇರುವವರು, ಶುಗರ್, ಪಾರ್ಶ್ವವಾಯು, ಮಂಡಿನೋವಿನಿಂದ ನರಳುವವರು, ಇವರಿಗೆ ಅಪಾಯ ಜಾಸ್ತಿ. ಕಿವಿ ಮಂದವಾದವರನ್ನಂತೂ ನಾವು ಮರೆತೇಬಿಡುತ್ತೇವೆ. ಮಾತು ಕೇಳಿಸದೆ, ತುಂಬಿದ ಮನೆಯಲ್ಲೂ ಅವರು ಒಬ್ಬರೇ ಆಗಿಬಿಡುತ್ತಾರೆ, ಅಲ್ವಾ?

ಅನುಮಾನ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನೀವೇ ಜೊತೆಗೆ ಹೋಗಿ. ಥೈರಾಯ್ಡ್ ತೊಂದರೆ, ವಿಟಮಿನ್ ಬಿ12 ಕೊರತೆಯಿಂದಲೂ ಮನಸ್ಸು ಕುಗ್ಗಬಹುದು, ಆ ಪರೀಕ್ಷೆ ಬೇಕಾ ಅಂತಲೂ ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. "ನಾನಿದ್ದು ಏನು ಪ್ರಯೋಜನ" ಅನ್ನುವ ಮಾತು ಬಂತಾ? ಆವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಒಬ್ಬರನ್ನೇ ಬಿಡಬೇಡಿ, ಮನೆಯಲ್ಲಿರುವ ಕ್ರಿಮಿನಾಶಕಕ್ಕೆ ಬೀಗ ಹಾಕಿ.