ತೊಳೆದದ್ದು ಸಾಲಲಿಲ್ಲ, ಕೂರಿಸುವುದನ್ನೂ ಕಲಿಯಬೇಕಾಯಿತು

ಮಣ್ಣುದಾರಿಯಲ್ಲಿ ಓಡಿಸುವ ಬೈಕು ಕೈಗೆ ಬಂದ ಮೊದಲ ವರ್ಷ ನಾನು ಏರ್ ಫಿಲ್ಟರನ್ನು ಬಹಳ ಶ್ರದ್ಧೆಯಿಂದ ತೊಳೆಯುತ್ತಿದ್ದೆ, ಆದರೆ ತೊಳೆದದ್ದನ್ನು ಮರಳಿ ಕೂರಿಸುವಾಗ ಅವಸರ ಮಾಡುತ್ತಿದ್ದೆ. ಅದರ ಫಲ ಕಣ್ಣಿಗೆ ಬಿದ್ದದ್ದು ಒಂದು ಸಂಜೆ ಫಿಲ್ಟರ್ ಬಿಚ್ಚಿ, ಅದರ ಹಿಂದಿನಿಂದ ಎಂಜಿನ್ ಕಡೆಗೆ ಹೋಗುವ ರಬ್ಬರ್ ಕೊಳವೆಯೊಳಗೆ ಸುಮ್ಮನೆ ಬೆರಳಾಡಿಸಿದಾಗ. ಬೆರಳಿಗೆ ಹಿಟ್ಟಿನಷ್ಟು ನುಣ್ಣಗಿನ ಕಂದು ಧೂಳು ಅಂಟಿಕೊಂಡು ಬಂತು. ಫಿಲ್ಟರಿನ ಸ್ಪಂಜಿನಲ್ಲಿ ಎಲ್ಲಿಯೂ ಹರಿದ ಗುರುತಿರಲಿಲ್ಲ. ಅದರ ಅಂಚು ಮಾತ್ರ ಕೆಳಭಾಗದಲ್ಲಿ, ಕಣ್ಣಿಗೆ ಕಾಣದ ಕಡೆ, ಸುಮಾರು ಎರಡು ಬೆರಳಗಲ ಒಳಕ್ಕೆ ಮಡಚಿಕೊಂಡಿತ್ತು.

250 ಸಿಸಿಯ ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ಗಾಳಿ ಎಳೆದುಕೊಳ್ಳುವುದರಿಂದ, ನಿಮಿಷಕ್ಕೆ 8,000 ಸುತ್ತು ತಿರುಗುವಾಗ ಲೆಕ್ಕದ ಪ್ರಕಾರ ಪ್ರತಿ ನಿಮಿಷವೂ ಸುಮಾರು 1,000 ಲೀಟರ್ ಗಾಳಿ ಅದರೊಳಗೆ ಹೋಗುತ್ತದೆ. ಮುಂದೆ ಹೋಗುತ್ತಿರುವ ಬೈಕು ಎಬ್ಬಿಸಿದ ಧೂಳಿನ ಮೋಡದೊಳಗಿಂದಲೇ ಅಷ್ಟು ಗಾಳಿ ಬರುತ್ತದೆ ಎಂದರೆ, ಎರಡು ಬೆರಳಗಲದ ಮಡಿಕೆ ಸಣ್ಣದೇನೂ ಅಲ್ಲ. ಮಣ್ಣಿನ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾನದಲ್ಲಿ ಅವುಗಳದು 7, ಅಂದರೆ ಸಾಮಾನ್ಯ ಉಕ್ಕಿಗಿಂತ ಹೆಚ್ಚು. ಅವು ಎಂಜಿನ್ ಆಯಿಲಿನೊಡನೆ ಕಲೆತಾಗ ಪಿಸ್ಟನ್ ರಿಂಗುಗಳನ್ನೂ ಸಿಲಿಂಡರಿನ ಒಳಗೋಡೆಯನ್ನೂ ಸಾಣೆ ಹಿಡಿದಂತೆ ಸವೆಸುತ್ತವೆ. ನನ್ನ ಬೈಕಿನಲ್ಲಿ ಮೊದಲು ಸವೆದದ್ದು ಗಾಳಿಯನ್ನು ಒಳಬಿಡುವ ಇನ್‌ಟೇಕ್ ವಾಲ್ವುಗಳು. ಅವು ಮುಚ್ಚಿದಾಗ ಉಳಿಯಬೇಕಾದ ಸಣ್ಣ ಸಂದು (ಕ್ಲಿಯರೆನ್ಸ್) ಕಡಿಮೆಯಾಗುತ್ತ ಬಂದು, ಬಿಸಿಯಾದ ಎಂಜಿನ್ ಸುಲಭಕ್ಕೆ ಸ್ಟಾರ್ಟ್ ಆಗದಂತಾದಾಗ ನಾನು ಬಹುಕಾಲ ಸ್ಪಾರ್ಕ್ ಪ್ಲಗ್ಗನ್ನೇ ದೂರುತ್ತಿದ್ದೆ.

ಆ ಬಳಿಕ ನಾನು ರೂಢಿಸಿಕೊಂಡ ಕ್ರಮ ಫಿಲ್ಟರನ್ನು ಮುಟ್ಟುವ ಮೊದಲೇ ಶುರುವಾಗುತ್ತದೆ. ಸೀಟು ಅಥವಾ ಪಕ್ಕದ ಮುಚ್ಚಳ ತೆಗೆಯುವ ಮುನ್ನ ಅದರ ಸುತ್ತಲಿನ ಮಣ್ಣನ್ನು ಒರೆಸುತ್ತೇನೆ, ಇಲ್ಲವಾದರೆ ಆ ಮಣ್ಣೆಲ್ಲ ಫಿಲ್ಟರ್ ಕೂರುವ ಪೆಟ್ಟಿಗೆಯಾದ ಏರ್‌ಬಾಕ್ಸಿನೊಳಗೇ ಉದುರುತ್ತದೆ. ಬೋಲ್ಟ್ ಬಿಚ್ಚಿದ ಮೇಲೆ ಫಿಲ್ಟರನ್ನು ಆ ಪೆಟ್ಟಿಗೆಯ ಗೋಡೆಗೆ ತಾಗಿಸದೆ ನೇರವಾಗಿ ಹೊರಗೆಳೆದು, ಒಡನೆಯೇ ಕೊಳವೆಯ ಬಾಯಿಗೆ ನೂಲು ಬಿಡದ ಶುದ್ಧ ಬಟ್ಟೆ ತುರುಕುತ್ತೇನೆ. ಏರ್‌ಬಾಕ್ಸನ್ನು ಒರೆಸುವುದು ಅದಾದ ಮೇಲೆ.

ತೊಳೆಯುವುದರಲ್ಲೂ ನಾನು ಒಂದು ಫಿಲ್ಟರ್ ಹಾಳುಮಾಡಿ ಕಲಿತೆ. ಕೊಳೆ ಬೇಗ ಬಿಡುತ್ತದೆಂದು ಪೆಟ್ರೋಲಿನಲ್ಲಿ ಅದ್ದಿದ್ದೆ. ಕೊಳೆ ಬಿಟ್ಟದ್ದು ನಿಜ, ಆದರೆ ಒರಟು ರಂಧ್ರದ ಹೊರಪದರವನ್ನೂ ಸೂಕ್ಷ್ಮ ರಂಧ್ರದ ಒಳಪದರವನ್ನೂ ಹಿಡಿದಿಟ್ಟಿದ್ದ ಅಂಟು ಕೂಡ ಕೆಲವೇ ಸಲಕ್ಕೆ ಬಿಟ್ಟುಕೊಂಡಿತು. ಪೆಟ್ರೋಲಿನ ಆವಿ ಎಷ್ಟು ಬೇಗ ಬೆಂಕಿ ಹಿಡಿಯುತ್ತದೆ ಎಂಬುದನ್ನು ಯೋಚಿಸಿದರೆ, ಮುಚ್ಚಿದ ಕೋಣೆಯಲ್ಲಿ ಕುಳಿತು ಆ ಕೆಲಸ ಮಾಡಿದ ನನ್ನ ಬುದ್ಧಿಯ ಬಗ್ಗೆ ಈಗ ನಾಚಿಕೆಯಾಗುತ್ತದೆ. ಈಗ ಫಿಲ್ಟರಿಗೆಂದೇ ಮಾರುವ ಕ್ಲೀನರ್ ಬಳಸುತ್ತೇನೆ. ಅದು ಇಲ್ಲದಿದ್ದಾಗ ಬಯಲಿನಲ್ಲಿ, ಕೈಗವಸು ಹಾಕಿಕೊಂಡು, ಸೀಮೆಎಣ್ಣೆ. ಹಳೆಯ ಎಣ್ಣೆ ಕರಗಿದ ಮೇಲೆ ಉಗುರುಬೆಚ್ಚಗಿನ ಸೋಪುನೀರಿನಲ್ಲಿ ಅಂಗೈಗಳ ನಡುವೆ ಒತ್ತಿ ಒತ್ತಿ ತೊಳೆಯುತ್ತೇನೆ. ಬಟ್ಟೆ ಹಿಂಡುವಂತೆ ತಿರುಚಿದರೆ ಹೊಲಿಗೆಯೂ ಅಂಟೂ ಸೀಳುತ್ತವೆ. ನೀರನ್ನು ಯಾವಾಗಲೂ ಒಳಗಿನಿಂದ ಹೊರಕ್ಕೆ ಹರಿಯಿಸಬೇಕು, ಏಕೆಂದರೆ ಹೊರಗಿನಿಂದ ಹಾಯಿಸಿದ ನೀರು ಧೂಳನ್ನು ಶುದ್ಧವಾಗಿರುವ ಒಳಪದರಕ್ಕೇ ತಳ್ಳುತ್ತದೆ. ಒಣಗಿಸುವುದು ನೆರಳಿನಲ್ಲಿ, ತಾನಾಗಿ. ಕಂಪ್ರೆಸರಿನ ಗಾಳಿ ಬಿಡುವವರನ್ನು ನೋಡಿದ್ದೇನೆ. ಅದರ ಹೊಡೆತಕ್ಕೆ ಸ್ಪಂಜಿನ ನವುರಾದ ಜಾಲ ಹರಿಯುತ್ತದೆ. (ಇದೆಲ್ಲ ಸ್ಪಂಜಿನ ಫಿಲ್ಟರಿನ ಮಾತು. ಕಾಗದದ ಫಿಲ್ಟರ್ ಇರುವ ಬೈಕಾದರೆ ತೊಳೆಯುವ ಪ್ರಶ್ನೆಯೇ ಇಲ್ಲ, ಬದಲಾಯಿಸುವುದೊಂದೇ ದಾರಿ.)

ಒಣಗಿದ ಸ್ಪಂಜನ್ನು ಬೆಳಕಿಗೆ ಹಿಡಿದು ಬೆರಳಿನಿಂದ ಎಲ್ಲ ಕಡೆ ಮೆಲ್ಲಗೆ ಹಿಗ್ಗಿಸಿ ನೋಡುತ್ತೇನೆ. ಅಂಟಿನ ಗೆರೆ ಬಿಟ್ಟಿದ್ದರೆ, ಉಜ್ಜಿದಾಗ ಪುಡಿ ಉದುರಿದರೆ, ಅಂಚು ಗಟ್ಟಿಯಾಗಿ ಮೊದಲಿನಂತೆ ಅದುಮಿಕೊಳ್ಳದಿದ್ದರೆ ಆ ಫಿಲ್ಟರನ್ನು ಮತ್ತೆ ಬೈಕಿಗೆ ಹಾಕುವುದಿಲ್ಲ. ಇದರಲ್ಲಿ ಜಿಪುಣತನ ತೋರಿಸುವುದರಲ್ಲಿ ಅರ್ಥವಿಲ್ಲ, ಪಿಸ್ಟನ್ನು ಮತ್ತು ವಾಲ್ವುಗಳ ಬೆಲೆಯ ಮುಂದೆ ಒಂದು ಸ್ಪಂಜಿನ ಬೆಲೆ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಇನ್ನು ಎಣ್ಣೆ. ಸ್ಪಂಜಿನ ರಂಧ್ರಗಳಿಗಿಂತ ಧೂಳಿನ ಕಣ ಎಷ್ಟೋ ಸಣ್ಣದು. ಅದನ್ನು ಹಿಡಿಯುವುದು ರಂಧ್ರವಲ್ಲ, ರಂಧ್ರದ ಗೋಡೆಗೆ ಅಂಟಿದ ಎಣ್ಣೆ. ಎಂಜಿನ್ ಆಯಿಲ್ ಈ ಕೆಲಸಕ್ಕೆ ಒದಗುವುದಿಲ್ಲ: ರಾತ್ರಿ ಕಳೆಯುವಷ್ಟರಲ್ಲಿ ಅದು ಕೆಳಕ್ಕಿಳಿದು ಏರ್‌ಬಾಕ್ಸಿನ ತಳದಲ್ಲಿ ನಿಂತು, ಫಿಲ್ಟರಿನ ಮೇಲ್ಭಾಗವನ್ನು ಒಣಗಿಸಿಬಿಡುತ್ತದೆ. ಫಿಲ್ಟರ್ ಎಣ್ಣೆಯ ಜಿಗುಟು ಬೇರೆಯೇ. ದಪ್ಪನೆಯ ಪ್ಲಾಸ್ಟಿಕ್ ಚೀಲದಲ್ಲಿ ಫಿಲ್ಟರ್ ಇಟ್ಟು, ಮೇಲೆ ಎಣ್ಣೆ ಸುರಿದು, ಹಿಟ್ಟು ನಾದುವಂತೆ ಚೀಲದ ಹೊರಗಿನಿಂದಲೇ ನಾದುತ್ತೇನೆ. ಈ ಎಣ್ಣೆಗೆ ಸಾಮಾನ್ಯವಾಗಿ ನೀಲಿಯೋ ಕೆಂಪೋ ಬಣ್ಣ ಕಟ್ಟಿರುವುದರಿಂದ, ತಾಗದ ಜಾಗ ತೇಪೆಯಂತೆ ಎದ್ದು ಕಾಣುತ್ತದೆ. ಬಣ್ಣ ಎಲ್ಲ ಕಡೆ ಒಂದೇ ಸಮನಾದ ಮೇಲೆ, ಒತ್ತಿದರೆ ಹನಿ ಬೀಳದಷ್ಟರ ಮಟ್ಟಿಗೆ ಹೆಚ್ಚಿನದನ್ನು ಹೊರಹಾಕಿ, ಒಂದು ರಾತ್ರಿ ಹಾಗೇ ಬಿಡುತ್ತೇನೆ. ಎಣ್ಣೆಯನ್ನು ತೆಳುವಾಗಿಸಲು ಸೇರಿಸಿರುವ ದ್ರಾವಕ ಆರಿದ ಮೇಲೆಯೇ ಜಿಗುಟು ಪೂರ್ತಿ ಬರುತ್ತದೆ. ಎಣ್ಣೆ ಅತಿಯಾದರೆ ಎಂಜಿನ್ನಿಗೆ ಉಸಿರುಗಟ್ಟುತ್ತದೆ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಇರುವ ಬೈಕಿನಲ್ಲಿ ಪ್ಲಗ್ ಕಪ್ಪಗಾಗಿ ಅದನ್ನು ಹೇಳಿಬಿಡುತ್ತದೆ.

ಕೂರಿಸುವುದಕ್ಕೆ ಈಗ ನಾನು ತೊಳೆಯುವುದರಷ್ಟೇ ಹೊತ್ತು ತೆಗೆದುಕೊಳ್ಳುತ್ತೇನೆ. ಸ್ಪಂಜನ್ನು ಪ್ಲಾಸ್ಟಿಕ್ ಪಂಜರಕ್ಕೆ ಹೊದಿಸುವಾಗ ಅದರ ತೂತುಗಳು ಪಂಜರದ ಗೂಟಗಳಿಗೆ ಸರಿಯಾಗಿ ಕೂತಿವೆಯೇ ಎಂದು ನೋಡಿ, ಏರ್‌ಬಾಕ್ಸಿಗೆ ಒತ್ತಿಕೊಳ್ಳುವ ಅಂಚಿಗೆ ನೀರಿಗೆ ಜಗ್ಗದ ಗ್ರೀಸನ್ನು ಸುತ್ತಲೂ ತೆಳ್ಳಗೆ ಸವರುತ್ತೇನೆ. ಒಳಗಿಟ್ಟ ಮೇಲೆ ಬೋಲ್ಟನ್ನು ಅರ್ಧ ಮಾತ್ರ ಬಿಗಿದು, ಫಿಲ್ಟರನ್ನು ಎಡಕ್ಕೂ ಬಲಕ್ಕೂ ಕೂದಲೆಳೆಯಷ್ಟು ತಿರುಗಿಸಿ, ತೋರುಬೆರಳನ್ನು ಅಂಚಿನ ಸುತ್ತ, ವಿಶೇಷವಾಗಿ ಕಾಣದ ಆ ಕೆಳಭಾಗದಲ್ಲಿ, ಒಂದು ಸುತ್ತು ಪೂರ್ತಿ ಆಡಿಸುತ್ತೇನೆ. ಮಡಿಕೆ ಇದ್ದರೆ ಬೆರಳಿಗೆ ಉಬ್ಬಿನಂತೆ ಸಿಗುತ್ತದೆ. ಉಳಿದರ್ಧ ಬಿಗಿತ ಅದಾದ ಮೇಲೆ. ಕೊಳವೆಯನ್ನು ಕಾರ್ಬುರೇಟರಿಗೆ ಹಿಡಿದಿರುವ ಕ್ಲ್ಯಾಂಪನ್ನೂ ಅದೇ ಕೈಯಲ್ಲಿ ಅಲ್ಲಾಡಿಸಿ ನೋಡುತ್ತೇನೆ.

ಒಣಧೂಳಿನ ದಿನಗಳಲ್ಲಿ ಪ್ರತಿ ಸವಾರಿಯ ನಂತರವೂ ಫಿಲ್ಟರ್ ಬದಲಾಗುತ್ತದೆ. ಅದಕ್ಕೆಂದು ಎಣ್ಣೆ ಹಚ್ಚಿದ ಎರಡು ಫಿಲ್ಟರುಗಳು ಗಾಳಿಯಾಡದ ಚೀಲಗಳಲ್ಲಿ ಸದಾ ಸಿದ್ಧವಿರುತ್ತವೆ. ಜೋಡಿಸುವ ಮುನ್ನ ಕೊಳವೆಯ ಒಳಮೈಗೆ, ಫಿಲ್ಟರಿನ ಆಚೆಗೆ, ಗ್ರೀಸಿನ ತೀರಾ ತೆಳುವಾದ ಒಂದು ಪಟ್ಟಿ ಎಳೆದಿಡುವ ಅಭ್ಯಾಸವೂ ಬಂದಿದೆ: ಅಂಚು ತಪ್ಪಿಸಿ ಏನಾದರೂ ಒಳಹೋದರೆ ಅದರಲ್ಲಿ ಒಂದಿಷ್ಟಾದರೂ ಅಲ್ಲಿ ಅಂಟಬೇಕು. ಕಳೆದ ಸಲ ಆ ಗ್ರೀಸನ್ನು ಬೆರಳಿಗೆ ತೆಗೆದುಕೊಂಡು ಹೆಬ್ಬೆರಳಿನೊಡನೆ ಉಜ್ಜಿ ನೋಡಿದೆ. ಒಂದು ಹರಳೂ ಚುಚ್ಚಲಿಲ್ಲ.