ಚಂದ್ರನ ಗಾಡಿಗೆ ಡ್ಯೂಟಿ ಹಾಕಿದ್ದು ಹೇಗೆ: ಒಂದು ಹಾಳೆಯಲ್ಲಿ ಬರೆದು ನೋಡಿ

ಹುಬ್ಬಳ್ಳಿಯ ರೈಲ್ವೆ ಕ್ರೂ ಲಾಬಿಯಲ್ಲಿ ನಾನು ಹನ್ನೊಂದು ವರ್ಷ ಡ್ಯೂಟಿ ಹಾಕಿದ್ದೇನೆ. ಯಾವ ಗಾಡಿಗೆ ಯಾವ ಲೋಕೋ ಪೈಲಟ್, ಅಸಿಸ್ಟಂಟ್ ಯಾರು, ಯಾರಿಗಾದರೂ ಜ್ವರ ಬಂದರೆ ಸ್ಪೇರ್ ಯಾರು, ಇದೇ ನನ್ನ ಕೆಲಸ. ಅದಕ್ಕೂ ಮುಂಚೆ ನಾನೇ ಎಂಜಿನ್ ಓಡಿಸುತ್ತಿದ್ದೆ. ಕಣ್ಣಿನ ಪರೀಕ್ಷೆಯಲ್ಲಿ ಫೇಲಾದ ಮೇಲೆ ಕುರ್ಚಿಗೆ ಬಂದೆ. ಹೀಗಾಗಿ ಅಮೆರಿಕ ಚಂದ್ರನಿಗೆ ಮನುಷ್ಯರನ್ನು ಕಳಿಸಿದ ಅಪೊಲೊ ಕಥೆ ಓದುವಾಗ ನನ್ನ ಮನಸ್ಸು ಹೋಗಿ ನಿಂತಿದ್ದು ಡೀಕ್ ಸ್ಲೇಟನ್ ಅನ್ನುವವರ ಹತ್ತಿರ. 1959ರಲ್ಲಿ ನಾಸಾ ಆರಿಸಿದ ಮೊದಲ ಏಳು ಜನರಲ್ಲಿ ಅವರೊಬ್ಬರು. 1962ರಲ್ಲಿ ಹಾರಬೇಕಿತ್ತು. ಎದೆಬಡಿತ ಲಯ ತಪ್ಪುತ್ತದೆ ಅಂತ ಡಾಕ್ಟರುಗಳು ತಡೆದರು. ಆಮೇಲೆ ಅವರು ಬೇರೆಯವರಿಗೆ ಡ್ಯೂಟಿ ಹಾಕತೊಡಗಿದರು. ಚಂದ್ರನಿಗೆ ಯಾರು ಹೋಗಬೇಕು ಅನ್ನುವ ಪಟ್ಟಿ ಅವರ ಮೇಜಿನಿಂದಲೇ ಹೊರಡುತ್ತಿತ್ತು.

ಆ ಪಟ್ಟಿಯನ್ನು ಬಾಯಿಪಾಠ ಮಾಡಬೇಡಿ, ಮರೆತುಹೋಗುತ್ತದೆ. ಒಮ್ಮೆ ಕೈಯಾರೆ ಬರೆಯಿರಿ. ದುರ್ಗದಬೈಲಿನ ಯಾವುದೇ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಡ್ರಾಯಿಂಗ್ ಶೀಟ್ ಸಾಕು. ಜೊತೆಗೆ ಪೆನ್ಸಿಲ್, ರಬ್ಬರ್, ಒಂದು ಕೆಂಪು ಸ್ಕೆಚ್ ಪೆನ್ ಇರಲಿ. ಎಡಕ್ಕೆ ಮೇಲಿಂದ ಕೆಳಗೆ ಅಪೊಲೊ ಹಾರಾಟಗಳ ಸಂಖ್ಯೆ ಹಾಕಿ, 7ರಿಂದ 18ರವರೆಗೆ. 18 ಹಾರಲೇ ಇಲ್ಲ, ಆದರೂ ಬರೆಯಿರಿ. ಅದರ ಕೆಳಗೆ ಇನ್ನೊಂದು ಸಾಲು ಖಾಲಿ ಬಿಡಿ.

ಪ್ರತಿ ಸಾಲಿನಲ್ಲಿ ಆರು ಮನೆ ಮಾಡಿ. ಮೊದಲ ಮೂರು ಹಾರುವವರಿಗೆ, ಉಳಿದ ಮೂರು ಬ್ಯಾಕಪ್‌ನವರಿಗೆ, ಅಂದರೆ ಸ್ಪೇರ್‌ನವರಿಗೆ. ಮೂವರ ಕೆಲಸ ಬೇರೆ ಬೇರೆ: ಕಮಾಂಡರ್, ಕಮಾಂಡ್ ಮಾಡ್ಯೂಲ್ ಪೈಲಟ್, ಲೂನಾರ್ ಮಾಡ್ಯೂಲ್ ಪೈಲಟ್. ಲೂನಾರ್ ಮಾಡ್ಯೂಲ್ ಅಂದರೆ ಚಂದ್ರನ ಮೇಲೆ ಇಳಿಯುವ ನೌಕೆ, ಅದರಲ್ಲಿ ಇಳಿಯುವುದು ಮೊದಲನೆಯವರು ಮತ್ತು ಮೂರನೆಯವರು. ನಡುವಿನವರು ಮುಖ್ಯ ನೌಕೆಯಾದ ಕಮಾಂಡ್ ಮಾಡ್ಯೂಲ್‌ನಲ್ಲಿ ಒಬ್ಬರೇ ಮೇಲೆ ಸುತ್ತುತ್ತಿರುತ್ತಾರೆ. ಹೆಸರುಗಳನ್ನು ಇದೇ ಕ್ರಮದಲ್ಲಿ ಬರೆಯಿರಿ, ಕ್ರಮ ತಪ್ಪಿದರೆ ಮುಂದೆ ಗೊಂದಲ ಆಗುತ್ತದೆ.

ಈಗ ಬಾಣ ಹಾಕಬೇಕು. ಸ್ಲೇಟನ್ ಅವರ ನಿಯಮ ಸರಳ: ಬ್ಯಾಕಪ್ ಆದವರು ಎರಡು ಹಾರಾಟ ಬಿಟ್ಟು ಮೂರನೆಯದಕ್ಕೆ ಹೋಗುತ್ತಾರೆ. ನಮ್ಮಲ್ಲೂ ದಾರಿ ಕಲಿಯದವರಿಗೆ ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಇಳಿಯುವ ಘಾಟ್‌ನಲ್ಲಿ ಗಾಡಿ ಕೊಡುವುದಿಲ್ಲ. ಅಲ್ಲಿ ಇಳಿಜಾರು 37ಕ್ಕೆ 1. ಮೊದಲು ಗೊತ್ತಿರುವವರ ಜೊತೆ ಕೂತು ಕಲಿಯಬೇಕು, ಆಮೇಲೆ ತಮ್ಮ ಪಾಳಿ. ಬ್ಯಾಕಪ್‌ನವರೂ ಹಾಗೆಯೇ, ಹಾರುವವರಷ್ಟೇ ತರಬೇತಿ ಮಾಡಿ ನೆಲದಲ್ಲಿ ಉಳಿಯುತ್ತಿದ್ದರು.

7ರ ಬ್ಯಾಕಪ್ ಸ್ಟಾಫರ್ಡ್, ಯಂಗ್, ಸರ್ನನ್. 10ಕ್ಕೆ ಬಾಣ ಎಳೆಯಿರಿ, ಅದೇ ಮೂವರು ಸಿಗುತ್ತಾರೆ. 9ರಿಂದ 12ಕ್ಕೆ ಕಾನ್ರಾಡ್, ಗಾರ್ಡನ್, ಬೀನ್. 12ರಿಂದ 15ಕ್ಕೆ ಸ್ಕಾಟ್, ವರ್ಡನ್, ಅರ್ವಿನ್. ಪೂರ್ತಿ ನೆಟ್ಟಗೆ ಹೋಗುವ ಬಾಣ ಈ ಮೂರೇ. ಇವನ್ನು ಮೊದಲು ಹಾಕಿದರೆ ಕೈ ಪಳಗುತ್ತದೆ.

ಉಳಿದವು ಮುರಿಯುತ್ತವೆ. ಮುರಿದಲ್ಲಿ ಕೆಂಪು ಹಚ್ಚಿ, ಪಕ್ಕದಲ್ಲಿ ಕಾರಣ ಬರೆಯಿರಿ. ಇಡೀ ಹಾಳೆಯ ಜೀವ ಇರುವುದು ಇಲ್ಲಿ. ಅವಸರ ಮಾಡಬೇಡಿ.

8ರಿಂದ ಶುರು ಮಾಡಿ. ಬೋರ್ಮನ್ ತಂಡಕ್ಕೆ ಮೊದಲು ಸಿಕ್ಕಿದ್ದು 9, ಮೆಕ್‌ಡಿವಿಟ್ ತಂಡಕ್ಕೆ 8. 1968ರಲ್ಲಿ ಲೂನಾರ್ ಮಾಡ್ಯೂಲ್ ಹೊತ್ತಿಗೆ ಸರಿಯಾಗಿ ತಯಾರಾಗಲಿಲ್ಲ. ಅದರ ಮೇಲೆ ಅಭ್ಯಾಸ ಮಾಡಿದ್ದ ಮೆಕ್‌ಡಿವಿಟ್ ಅದಕ್ಕಾಗಿ 9ಕ್ಕೆ ಕಾದರು, ಬೋರ್ಮನ್ 8ಕ್ಕೆ ಬಂದು ಚಂದ್ರನನ್ನು ಸುತ್ತಿದರು. ಬ್ಯಾಕಪ್ ತಂಡಗಳೂ ಜೊತೆಗೇ ಅದಲುಬದಲಾದವು. ಈಗ ಬಾಣ ನೋಡಿ. 8ರ ಬ್ಯಾಕಪ್ ಆರ್ಮ್‌ಸ್ಟ್ರಾಂಗ್, ಮೂರು ಸಾಲು ಕೆಳಗೆ 11, ಮನುಷ್ಯ ಚಂದ್ರನ ಮೇಲೆ ಮೊದಲು ಇಳಿದ ಹಾರಾಟ. ಅದಲುಬದಲು ಆಗದಿದ್ದರೆ ಆ ಬಾಣ ಕಾನ್ರಾಡ್ ಅವರದ್ದು. ಪೆನ್ಸಿಲಿನಲ್ಲಿ ಅದನ್ನೂ ತೆಳುವಾಗಿ ಎಳೆದು ನೋಡಿ, ಮೈ ಜುಮ್ ಅನ್ನುತ್ತದೆ. ಅದೇ ವರ್ಷ ಕಾಲಿನ್ಸ್ ಅವರಿಗೆ ಕುತ್ತಿಗೆಯ ಆಪರೇಷನ್ ಆಯಿತು. ಬೋರ್ಮನ್ ತಂಡದಲ್ಲಿ ಅವರ ಜಾಗಕ್ಕೆ ಬ್ಯಾಕಪ್‌ನಲ್ಲಿದ್ದ ಲವೆಲ್ ಬಂದರು. ಕಾಲಿನ್ಸ್ ಸುಧಾರಿಸಿಕೊಂಡು 11ಕ್ಕೆ ಸೇರಿದರು.

ಬೀನ್ ಹೆಸರಿನ ಹತ್ತಿರ ಒಂದು ಚಿಕ್ಕ ನಕ್ಷತ್ರ ಹಾಕಿ. ಆ ಜಾಗ ಸಿ.ಸಿ. ವಿಲಿಯಮ್ಸ್ ಅವರದ್ದು. 1967ರ ಅಕ್ಟೋಬರ್‌ನಲ್ಲಿ ಟಿ-38 ವಿಮಾನ ಬಿದ್ದು ತೀರಿಕೊಂಡರು. ಅಪೊಲೊ 12ರಲ್ಲಿ ಹೋದವರು ಮೂವರು, ಅದರ ಲಾಂಛನದಲ್ಲಿ ನಕ್ಷತ್ರ ನಾಲ್ಕು.

13 ಮತ್ತು 14ರಲ್ಲಿ ಬಾಣಗಳು ಒಂದನ್ನೊಂದು ದಾಟುತ್ತವೆ. ಸ್ಲೇಟನ್ 13ಕ್ಕೆ ಶೆಪರ್ಡ್, ರೂಸಾ, ಮಿಚೆಲ್ ಹೆಸರು ಕಳಿಸಿದ್ದರು. ಶೆಪರ್ಡ್ ಕಿವಿಯ ತೊಂದರೆಯಿಂದ ವರ್ಷಗಟ್ಟಲೆ ಹಾರದೆ ಇದ್ದವರು, ಇನ್ನಷ್ಟು ತರಬೇತಿ ಬೇಕು ಅಂತ ಮೇಲಿನವರು ಹೇಳಿದರು. 14ಕ್ಕೆ ಇದ್ದ ಲವೆಲ್ ತಂಡ 13ಕ್ಕೆ ಬಂತು. ಅಷ್ಟಕ್ಕೇ ನಿಲ್ಲಲಿಲ್ಲ. 1970ರ ಏಪ್ರಿಲ್ 11ಕ್ಕೆ ಉಡಾವಣೆ. ಬ್ಯಾಕಪ್‌ನಲ್ಲಿದ್ದ ಡ್ಯೂಕ್ ಅವರಿಗೆ ಜರ್ಮನ್ ದಡಾರ ಬಂತು. ಲವೆಲ್ ತಂಡದಲ್ಲಿ ನಡುವಿನ ಮನೆಯಲ್ಲಿದ್ದ ಮ್ಯಾಟಿಂಗ್ಲಿ ಅವರಿಗೆ ಅದರ ವಿರುದ್ಧ ರಕ್ಷಣೆ ಇರಲಿಲ್ಲ. ಎರಡು-ಮೂರು ದಿನ ಇರುವಾಗ ಅವರನ್ನು ಇಳಿಸಿ ಸ್ವಿಗರ್ಟ್ ಅವರನ್ನು ಕೂರಿಸಿದರು. ಮ್ಯಾಟಿಂಗ್ಲಿಗೆ ದಡಾರ ಬರಲೇ ಇಲ್ಲ. ಹೊರಡುವ ಹೊತ್ತಿಗೆ ಒಬ್ಬರನ್ನು ಇಳಿಸಿ ಸ್ಪೇರ್‌ನವರಿಗೆ ಫೋನ್ ಮಾಡುವ ಕಷ್ಟ ನನಗೆ ಗೊತ್ತು. ಇಳಿದವರ ಮುಖ ಮರೆಯುವುದಿಲ್ಲ. ಮ್ಯಾಟಿಂಗ್ಲಿ ಹೆಸರಿನಿಂದ 16ಕ್ಕೆ ಬಾಣ ಎಳೆಯಿರಿ. ಅಲ್ಲಿ ಯಂಗ್ ಮತ್ತು ಅದೇ ಡ್ಯೂಕ್ ಜೊತೆ ಅವರು ಹೋದರು.

14ರಿಂದ 17ಕ್ಕೆ ಸರ್ನನ್, ಇವಾನ್ಸ್ ಹೋಗುತ್ತಾರೆ, ಎಂಗಲ್ ಹೋಗುವುದಿಲ್ಲ. ಆ ಜಾಗಕ್ಕೆ ಭೂವಿಜ್ಞಾನಿ ಶ್ಮಿಟ್ ಬಂದರು. ಅವರು 15ರ ಬ್ಯಾಕಪ್‌ನಲ್ಲಿ ಗಾರ್ಡನ್, ಬ್ರಾಂಡ್ ಜೊತೆ ಇದ್ದವರು. ಲೆಕ್ಕದ ಪ್ರಕಾರ ಅವರ ಪಾಳಿ 18. ಅದು 1970ರಲ್ಲೇ ರದ್ದಾಯಿತು. ಹಾಗಾಗಿ ಗಾರ್ಡನ್ ಅವರ ಬಾಣ ಖಾಲಿ ಮನೆಗೆ ಹೋಗಿ ನಿಲ್ಲುತ್ತದೆ.

ಕೆಳಗೆ ಒಂದು ಸಾಲು ಬಿಟ್ಟಿದ್ದೀರಿ, ಅಲ್ವಾ? ಅಲ್ಲಿ 1975 ಜುಲೈ, ಅಪೊಲೊ-ಸೋಯುಜ್ ಅಂತ ಬರೆಯಿರಿ, ಅಮೆರಿಕದ ಮತ್ತು ಸೋವಿಯತ್ ನೌಕೆಗಳು ಬಾಹ್ಯಾಕಾಶದಲ್ಲಿ ಜೋಡಿಯಾದ ಹಾರಾಟ ಅದು. ಮೊದಲ ಮನೆಗೆ ಸ್ಟಾಫರ್ಡ್. ನಡುವಿನ ಮನೆಗೆ ಬ್ರಾಂಡ್, 15ರ ಬ್ಯಾಕಪ್‌ನಿಂದ ಉದ್ದಕ್ಕೆ ಬಾಣ ಎಳೆದು. 1972ರಲ್ಲಿ ಡಾಕ್ಟರುಗಳು ಇನ್ನೊಬ್ಬರಿಗೂ ಹಾರಬಹುದು ಅಂದಿದ್ದರು. ಮೂರನೆಯ ಮನೆ ಅವರದ್ದು: ಡೀಕ್ ಸ್ಲೇಟನ್, ವಯಸ್ಸು 51. ಆ ಹೆಸರನ್ನು ನಾನು ಪೆನ್ನಿನಲ್ಲಿ ಬರೆದಿದ್ದೇನೆ.