ಲೆಸ್ಟರ್‌ಗೆ ಓದೋಕೆ ಹೊರಟಿದೀರಾ? ಮೊದಲ ಹತ್ತು ದಿನ ಹೀಗೆ ಮಾಡಿ

ಸೆಪ್ಟೆಂಬರ್ ಹತ್ರ ಬಂತಂದ್ರೆ ಡೊಂಬಿವಲಿ, ಠಾಣೆ, ಆ ಕಡೆ ಪಿಂಪ್ರಿ ಚಿಂಚವಾಡದಿಂದ ಯಾರದಾದ್ರೂ ಅವ್ವ ನನಗೆ ಫೋನ್ ಮಾಡ್ತಾರೆ, "ನೀ ಅಲ್ಲಿ ಇದ್ದು ಬಂದಾಕಿ, ನಮ್ಮ ಹುಡುಗಗ ಸ್ವಲ್ಪ ಹೇಳವಾ" ಅಂತ. ಫೋನಲ್ಲಿ ಹೇಳಿದ್ದು ಅರ್ಧ ಮರೆತು ಹೋಗುತ್ತೆ, ಅದಕ್ಕೆ ಎಲ್ಲಾ ಒಂದು ಕಡೆ ಬರೀತಿದೀನಿ. ನಾನು 2022ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ಗೆ ಮಾಸ್ಟರ್ಸ್ ಮಾಡೋಕೆ ಹೋಗಿದ್ದು, ಆದ್ರೆ ಬೇರೆ ಊರಿಗೆ ಹೋಗೋರಿಗೂ ಇದರಲ್ಲಿ ಮುಕ್ಕಾಲು ಪಾಲು ಅನ್ವಯಿಸುತ್ತೆ.

ಮೊದಲನೇ ಮಾತು, ಟಿಕೆಟ್ ತೆಗೆಯುವಾಗ ಭಾನುವಾರ ಇಳಿಯೋ ಫ್ಲೈಟ್ ಬೇಡವೇ ಬೇಡ, ನಾಲ್ಕು ಸಾವಿರ ಕಡಿಮೆ ಇದ್ರೂ ಬೇಡ. ಇಂಗ್ಲೆಂಡಲ್ಲಿ ದೊಡ್ಡ ಅಂಗಡಿಗಳು ಭಾನುವಾರ ಆರು ಗಂಟೆಗಿಂತ ಹೆಚ್ಚು ತೆರೆದಿರೋ ಹಾಗಿಲ್ಲ, ಅದು ಅಲ್ಲಿನ ಕಾನೂನು, ಸಾಮಾನ್ಯವಾಗಿ ಸಂಜೆ ನಾಲ್ಕಕ್ಕೋ ಐದಕ್ಕೋ ಬಾಗಿಲು ಹಾಕ್ತಾರೆ. ನಾನು ಇಳಿದಿದ್ದು ಭಾನುವಾರ, ರೂಮ್ ಸೇರೋ ಹೊತ್ತಿಗೆ ಸಂಜೆ ಆರು ದಾಟಿತ್ತು. ಬಾಗಿಲು ತೆಗೆದ್ರೆ ಬರೀ ಹಾಸಿಗೆ, ಅದರ ಮೇಲೆ ಚಾದರ ಇಲ್ಲ, ದಿಂಬಿಲ್ಲ, ಹೊದಿಕೆ ಇಲ್ಲ. ತುಂಬಾ ಹಾಸ್ಟೆಲ್‌ಗಳಲ್ಲಿ ಇದೇ ಕತೆ, ಅವನ್ನೆಲ್ಲ ನಾವೇ ತಗೋಬೇಕು, ನನಗೆ ಯಾರೂ ಹೇಳಿರಲಿಲ್ಲ. ಅವತ್ತು ಅವ್ವ ಹಟ ಮಾಡಿ ಸೂಟ್‌ಕೇಸಿನ ತಳಕ್ಕೆ ಹಾಕಿದ್ದ ಅಜ್ಜಿ ಹೊಲಿದ ಕೌದಿ ಹೊದ್ದುಕೊಂಡು ಮಲಗಿದೆ. ಊಟಕ್ಕೆ ಸ್ಟೀಲ್ ಡಬ್ಬಿಯಲ್ಲಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ನಲ್ಲಿ ನೀರು. ರೊಟ್ಟಿ ಅಂಚು ಮುರಿದು ಡಬ್ಬಿ ತಳದಲ್ಲಿ ಪುಡಿ ಆಗಿತ್ತು, ಆ ಪುಡಿಗೂ ಹಿಂಡಿ ಕಲಸಿಕೊಂಡು ತಿಂದೆ. (ನಲ್ಲಿ ನೀರು ನೇರವಾಗಿ ಕುಡೀಬಹುದು, ಕಾಸೋದು ಬೇಡ.)

ಅದಕ್ಕೇ ಹೇಳೋದು, ಮೊದಲ ಎರಡು ದಿನದ ಊಟ ಮತ್ತು ಒಂದು ರಾತ್ರಿಯ ಹಾಸಿಗೆ ಮುಂಬೈಯಿಂದಲೇ ನಿಮ್ಮ ಜೊತೆ ಹೋಗಬೇಕು. ಖಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡಲ್ಲ, ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿದ್ರೆ ಹಿಟ್ಟಾಗುತ್ತೆ, ಬಿಗಿ ಮುಚ್ಚಳದ ಅಗಲ ಡಬ್ಬಿ ಬೇಕು. ಚಟ್ನಿಪುಡಿ, ಸಾರಿನ ಪುಡಿ, ಅವಲಕ್ಕಿ, ಮಾಟುಂಗಾದಿಂದ ತಂದ ಕಾಫಿಪುಡಿ ಎಲ್ಲಾ ಸರಿ. ಆದ್ರೆ ತುಪ್ಪ, ಧಾರವಾಡ ಪೇಢಾ, ಖೋವಾದ ಸಿಹಿ ಬೇಡ, ಭಾರತದಿಂದ ಹಾಲಿನ ಪದಾರ್ಥ, ಮಾಂಸ ತಗೊಂಡು ಹೋಗೋಕೆ ಅಲ್ಲಿ ಬಿಡಲ್ಲ. ಅಜ್ಜಿಯಂದಿರಿಗೆ ಇದನ್ನ ಒಂದು ವಾರ ಮುಂಚೆನೇ ಹೇಳಿ, ಏರ್‌ಪೋರ್ಟಿಗೆ ಹೊರಡೋ ದಿನ ಹೇಳಿದ್ರೆ ತುಂಬಾ ಬೇಜಾರು ಮಾಡ್ಕೊತಾರೆ.

ಕುಕ್ಕರ್ ತಗೊಳ್ಳೋದಾದ್ರೆ ಮೂರು ಲೀಟರಿನದು, ಇಂಡಕ್ಷನ್ ತಳ ಇರೋದು. ಜೊತೆಗೆ ಒಂದು ಗ್ಯಾಸ್ಕೆಟ್, ಒಂದು ಸೇಫ್ಟಿ ವಾಲ್ವ್ ಹೆಚ್ಚಿಗೆ ಇಟ್ಕೊಳ್ಳಿ. ಕರೆಂಟ್ ವೋಲ್ಟೇಜ್ ನಮ್ಮಷ್ಟೇ, 230, ಆದ್ರೆ ಪ್ಲಗ್ಗಿನ ಆಕಾರ ಬೇರೆ, ಚೌಕ ಪಿನ್ನಿನ ಅಡಾಪ್ಟರ್ ಎರಡು ಇರಲಿ.

ಈಗ ಕಾಗದಪತ್ರ. ನಾನು ಹೋದಾಗ ಬಿಆರ್‌ಪಿ ಅಂತ ಅಲ್ಲಿ ಇರೋಕೆ ಪರವಾನಗಿಯ ಒಂದು ಕಾರ್ಡ್ ಕೊಡ್ತಿದ್ರು, 2024ರ ಡಿಸೆಂಬರ್ 31ಕ್ಕೆ ಆ ಕಾಲ ಮುಗೀತು, ಈಗ ಇ-ವೀಸಾ, ಅಂದ್ರೆ ಎಲ್ಲಾ ಆನ್‌ಲೈನಲ್ಲೇ. ಹಾಗಾಗಿ ಇಲ್ಲಿಂದ ಹೊರಡೋ ಮುಂಚೆನೇ ಯುಕೆವಿಐ (ಅಲ್ಲಿನ ವೀಸಾ ಇಲಾಖೆ) ಅಕೌಂಟ್ ಮಾಡ್ಕೊಂಡು, ನಿಮ್ಮ ಪಾಸ್‌ಪೋರ್ಟ್ ಅದಕ್ಕೆ ಲಿಂಕ್ ಆಗಿದೆಯಾ, ಹೆಸರು, ಹುಟ್ಟಿದ ತಾರೀಕು, ವೀಸಾ ಮುಗಿಯೋ ದಿನ ಸರಿ ಇದೆಯಾ ನೋಡ್ಕೊಳ್ಳಿ. ಮನೆ ಬಾಡಿಗೆಗೆ, ಕೆಲಸಕ್ಕೆ ಶೇರ್ ಕೋಡ್ ಅಂತ ಕೇಳ್ತಾರೆ, ನಿಮ್ಮ ವೀಸಾ ಅವರು ಆನ್‌ಲೈನಲ್ಲಿ ನೋಡೋಕೆ, ಅದು ಆ ಅಕೌಂಟಿಂದಲೇ ಬರೋದು. ಆಫರ್ ಲೆಟರ್, ಟಿಬಿ ಸರ್ಟಿಫಿಕೇಟ್, ರೂಮಿನ ಪತ್ರ ಇವನ್ನೆಲ್ಲ ಪ್ರಿಂಟ್ ಮಾಡಿ ಕೈಚೀಲದಲ್ಲೇ ಇಟ್ಕೊಳ್ಳಿ.

ನಿಮ್ಮ ಇಲ್ಲಿನ ಸಿಮ್ ಯಾವ ಕಾರಣಕ್ಕೂ ಬಂದ್ ಮಾಡಬೇಡಿ, ಬ್ಯಾಂಕ್ ಓಟಿಪಿ ಎಲ್ಲಾ ಅದಕ್ಕೇ ಬರೋದು. ಮೊಬೈಲ್ ಡೇಟಾ ರೋಮಿಂಗ್ ಮಾತ್ರ ಆಫ್ ಮಾಡಿಡಿ.

ಹೀಥ್ರೋದಲ್ಲಿ ನಮ್ಮ ಪಾಸ್‌ಪೋರ್ಟಿಗೆ ಇ-ಗೇಟ್ (ಪಾಸ್‌ಪೋರ್ಟ್ ಇಟ್ರೆ ತಾನೇ ತೆರೆಯೋ ಗೇಟ್) ಇಲ್ಲ, ಆಫೀಸರ್ ಮುಂದೆ ಸಾಲಲ್ಲಿ ನಿಲ್ಲಬೇಕು, ಸೆಪ್ಟೆಂಬರಲ್ಲಿ ಆ ಸಾಲು ಉದ್ದ. ಲೆಸ್ಟರ್‌ಗೆ ಅಲ್ಲಿಂದಲೇ ನ್ಯಾಷನಲ್ ಎಕ್ಸ್‌ಪ್ರೆಸ್ ಕೋಚ್ ಇದೆ, ಇಳಿದ ಮೇಲೆ ಮೂರು ಗಂಟೆ ಬಿಟ್ಟು ಬುಕ್ ಮಾಡಿ. ಟ್ರೇನ್ ಬೇಗ ಹೋಗುತ್ತೆ ನಿಜ, ಆದ್ರೆ ಅದಕ್ಕೆ ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ಸ್ಟೇಷನ್‌ಗೆ ಹೋಗಬೇಕು, ಎರಡು ಸೂಟ್‌ಕೇಸ್ ಎಳ್ಕೊಂಡು ಮೆಟ್ರೋ ಹತ್ತಿ ಇಳಿಯೋದು ಒಬ್ಬರೇ ಇದ್ದಾಗ ಕಷ್ಟ. ಮುಂದೆ ಓಡಾಡೋಕೆ 16-25 ರೈಲ್‌ಕಾರ್ಡ್ ಮಾಡಿಸಿ, ಟಿಕೆಟಲ್ಲಿ ಮೂರನೇ ಒಂದು ಭಾಗ ಉಳಿಯುತ್ತೆ.

ಊರು ಸೇರಿದ ಮೇಲೆ ಕೆಲಸಗಳಿಗೆ ಒಂದು ಕ್ರಮ ಇದೆ, ಅದು ತಪ್ಪಿದ್ರೆ ಸುಮ್ನೆ ಅಲೆದಾಟ. ಮೊದಲು ಯೂನಿವರ್ಸಿಟಿಗೆ ಹೋಗಿ ಪಾಸ್‌ಪೋರ್ಟ್ ತೋರಿಸಿ ಎನ್‌ರೋಲ್ ಆಗಿ. ಅದಾದ ಮೇಲೇನೇ ಬ್ಯಾಂಕಿಗೆ ಬೇಕಾದ ಪತ್ರ, ಕೌನ್ಸಿಲ್ ಟ್ಯಾಕ್ಸ್ (ಅಲ್ಲಿನ ನಗರಸಭೆ ಮನೆಗೆ ಹಾಕೋ ತೆರಿಗೆ) ಮಾಫಿ ಪತ್ರ ಎರಡೂ ಸಿಗೋದು (ಫುಲ್ ಟೈಮ್ ಓದೋರು ಮಾತ್ರ ಇರೋ ಮನೆಗೆ ಆ ಟ್ಯಾಕ್ಸ್ ಇಲ್ಲ). ಆಮೇಲೆ ಬ್ಯಾಂಕ್. ಆಮೇಲೆ ಜಿಪಿ, ಅಂದ್ರೆ ಮನೆ ಹತ್ರದ ಡಾಕ್ಟರ್, ಅಲ್ಲಿ ಹೆಸರು ನೋಂದಾಯಿಸೋದು. ಹುಷಾರಿದ್ದಾಗ ಯಾಕೆ ಅಂತ ಇದನ್ನ ಮುಂದೂಡಬೇಡಿ, ವೀಸಾ ಜೊತೆ ವರ್ಷಕ್ಕೆ 776 ಪೌಂಡ್ ಆರೋಗ್ಯದ ಹೆಸರಲ್ಲಿ ಆಗಲೇ ಕಟ್ಟಿದೀರಿ. ತುರ್ತು ಇದ್ರೆ 999, ಜ್ವರ ಗಿರ ಬಂದು ಏನು ಮಾಡಬೇಕು ಗೊತ್ತಾಗದಿದ್ರೆ 111.

ಹೊರಗಡೆ ಮನೆ ನೋಡೋರು ಮನೆ ಕಣ್ಣಾರೆ ನೋಡದೆ ದುಡ್ಡು ಕಳಿಸಬೇಡಿ. ನಮ್ಮ ಕಡೆಯ ಒಬ್ಬ ಹುಡುಗ ಫೋಟೋ ನೋಡಿ ಡಿಪಾಸಿಟ್ ಕಳಿಸಿದ, ಹೋಗಿ ನೋಡಿದ್ರೆ ಆ ಮನೆಯಲ್ಲಿ ಬೇರೆಯವರು ವರ್ಷಗಳಿಂದ ಇದಾರೆ. ಅವರಪ್ಪ ಆ ದುಡ್ಡಿಗೆ ಸೊಸೈಟಿಯಲ್ಲಿ ಸಾಲ ಮಾಡಿದ್ರು. ಸಾಮಾನ್ಯ ಬಾಡಿಗೆ ಮನೆಗೆ ಐದು ವಾರದ ಬಾಡಿಗೆಗಿಂತ ಹೆಚ್ಚು ಡಿಪಾಸಿಟ್ ಕೇಳೋ ಹಾಗಿಲ್ಲ ಅನ್ನೋದೂ ನೆನಪಿರಲಿ.

ಕೆಲಸದ ವಿಷಯದಲ್ಲಿ ಕೈ ಮುಗಿದು ಹೇಳ್ತೀನಿ. ಕ್ಲಾಸ್ ನಡೆಯೋ ದಿನಗಳಲ್ಲಿ ಡಿಗ್ರಿ ಓದೋರಿಗೆ ವಾರಕ್ಕೆ 20 ಗಂಟೆ ಮಾತ್ರ, ಸ್ವಂತ ಬಿಸಿನೆಸ್ ಲೆಕ್ಕದ ಕೆಲಸ ಪೂರ್ತಿ ನಿಷೇಧ. ಯಾರದೋ ಡೆಲಿವರಿ ಆ್ಯಪ್ ಅಕೌಂಟ್ ಬಾಡಿಗೆಗೆ ತಗೊಂಡು ಫುಡ್ ಡೆಲಿವರಿ ಮಾಡು ಅಂತ ಹೇಳೋ ಜನ ಸಿಗ್ತಾರೆ, ಆ ಕಡೆ ತಲೆ ಹಾಕಬೇಡಿ, ಸಿಕ್ಕಿಬಿದ್ರೆ ವೀಸಾನೇ ಹೋಗುತ್ತೆ.

ಇನ್ನು ಅಡುಗೆ. ಹಾಸ್ಟೆಲ್ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವಾಗ ಬಾಗಿಲು ಮುಚ್ಚಿ, ಫ್ಯಾನ್ ಹಾಕಿ, ಕಿಟಕಿ ತೆಗೀರಿ. ಎರಡನೇ ವಾರ ನಾನು ಒಣ ಮೆಣಸಿನಕಾಯಿ ಒಗ್ಗರಣೆ ಹಾಕ್ತಾ ಬಾಗಿಲು ತೆರೆದಿಟ್ಟಿದ್ದೆ, ಘಾಟು ಕಾರಿಡಾರಿಗೆ ಹೋಗಿ ಅಲಾರಂ ಹೊಡ್ಕೊಂಡು ಇಡೀ ಕಟ್ಟಡದವರು ರಾತ್ರಿ ಚಳಿಯಲ್ಲಿ ಹೊರಗೆ ನಿಂತ್ರು, ಒಬ್ಬಳು ಒದ್ದೆ ಕೂದಲಲ್ಲೇ ಬಂದಿದ್ಲು, ನೋಡಿ ಕರುಳು ಚುರ್ ಅಂತು.

ಸಾಮಾನಿಗೆ ಬೆಲ್‌ಗ್ರೇವ್ ರೋಡ್‌ಗೆ ಹೋಗಿ, ಗೋಲ್ಡನ್ ಮೈಲ್ ಅಂತಾರೆ. 1972ರಲ್ಲಿ ಅಲ್ಲಿನ ಸರ್ವಾಧಿಕಾರಿ ಇದಿ ಅಮೀನ್ ಆಫ್ರಿಕಾದ ಉಗಾಂಡದಿಂದ ಓಡಿಸಿದಾಗ ಬಂದು ನೆಲೆಸಿದ ಗುಜರಾತಿಗಳು ಈ ಊರಲ್ಲಿ ಬಹಳ. ಮುಂಬೈಯಲ್ಲಿ ಬೆಳೆದ ನಮಗೆ ಇದು ದೊಡ್ಡ ಅನುಕೂಲ, ಬಿಲ್ಡಿಂಗಲ್ಲಿ ಪಕ್ಕದ ಮನೆಯವರಿಂದ ಕಲಿತ ಹರಕು ಮುರುಕು ಗುಜರಾತಿ ಅಲ್ಲಿ ಕೆಲಸಕ್ಕೆ ಬಂತು. "ಜುವಾರ್ ನೋ ಲೋಟ್" ಅಂತ ಕೇಳಿ, ಜೋಳದ ಹಿಟ್ಟು ಕೊಡ್ತಾರೆ. ಅಂಗಡಿ ಕಾಕಿ ನನ್ನ ಉಚ್ಚಾರಣೆ ತಿದ್ದಿ, ಒಂದು ಹಿಡಿ ಕರಿಬೇವು ಹೆಚ್ಚಿಗೆ ಹಾಕಿ ಕಳಿಸಿದ್ರು. ಅವತ್ತು ರೂಮಿಗೆ ಬಂದು ರೊಟ್ಟಿ ತಟ್ಟಿದ ಮೇಲೇನೇ ನನಗೆ ಈ ಊರಲ್ಲಿ ಇರಬಲ್ಲೆ ಅನ್ನಿಸಿದ್ದು. ಕನ್ನಡ ಕೇಳಬೇಕು ಅನ್ನಿಸಿದ್ರೆ ಕನ್ನಡ ಬಳಗ ಯುಕೆಯವರು ಯುಗಾದಿ, ದೀಪಾವಳಿ ಕಾರ್ಯಕ್ರಮ ಮಾಡ್ತಾರೆ, ವಿಚಾರಿಸಿ ನೋಡಿ.

ಕೊನೆಗೆ ಮನೆಗೆ ಫೋನ್. ನೀವು ಹೋದ ಹೊಸದರಲ್ಲಿ ಅಲ್ಲಿಗೂ ಇಲ್ಲಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ, ಅಲ್ಲಿ ಸಂಜೆ ಐದು ಅಂದ್ರೆ ಇಲ್ಲಿ ರಾತ್ರಿ ಒಂಬತ್ತೂವರೆ, ಊಟ ಮುಗಿದಿರುತ್ತೆ, ಆ ಹೊತ್ತು ಒಳ್ಳೇದು. ಅಕ್ಟೋಬರ್ ಕೊನೇ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹಾಕ್ತಾರೆ, ಆಮೇಲೆ ನಿಮ್ಮ ಐದು ಗಂಟೆಗೆ ಇಲ್ಲಿ ಹತ್ತೂವರೆ. ಅದನ್ನ ಅವ್ವನಿಗೆ ಮೊದಲೇ ಹೇಳಿಡಿ, ಇಲ್ಲಾಂದ್ರೆ ಅವತ್ತು ಆ ಒಂದು ಗಂಟೆ ಫೋನ್ ಕೈಯಲ್ಲಿ ಹಿಡ್ಕೊಂಡು ಕೂತಿರ್ತಾರೆ.